ಒಂದು ವಸ್ತುವಿಗೆ ಒಂದು ನೂಲು

ಇದು ನಡೆದದ್ದು ಊರಬಾವಿಯ ನೀರು ಏಳನೆಯ ಮೆಟ್ಟಿಲಿಗೆ ಇಳಿದ ವರ್ಷ. ಶುರುವಾದದ್ದು ಹುಣ್ಣಿಮೆಯ ಮರುದಿನ, ಬೆಳಿಗ್ಗೆ.

ಆ ಊರಿನಲ್ಲಿ ಪ್ರತಿ ವಸ್ತುವಿಗೂ ಒಂದು ನೂಲು ಕಟ್ಟುತ್ತಿದ್ದರು. ಬಿಳಿ, ಇಲ್ಲವೇ ಕೆಂಪು. ಬಿಳಿ ನೂಲಿನದು ಒಳ್ಳೆಯದು. ಅದು ದಿನವೂ ಊರಿನ ಅಡುಗೆಮನೆಗೆ ಹೋಗಬೇಕು, ದಿನವೂ ಎಲ್ಲರ ಎಲೆಗೂ ಬೀಳಬೇಕು. ಕೆಂಪು ನೂಲಿನದು ಕೆಟ್ಟದ್ದು. ಅದನ್ನು ಬೇರುಸಹಿತ ಕಿತ್ತು ಸುಡಬೇಕು. ಉಪ್ಪಿಗೆ ಬಿಳಿ. ಮೆಣಸಿಗೆ ಬಿಳಿ. ಕಣಗಿಲೆಗೆ ಕೆಂಪು. ‘ಸ್ವಲ್ಪ’ ಎಂಬುದಕ್ಕೆ ನೂಲಿರಲಿಲ್ಲ. ‘ಕೆಲವರಿಗೆ’ ಎಂಬುದಕ್ಕೂ ಇರಲಿಲ್ಲ.

ಬದನೆಕಾಯಿ ತಿಂದರೆ ಮೈತುಂಬ ಗಂಧೆ ಏಳುವ ಒಬ್ಬ ಮನುಷ್ಯ ಊರಿನಲ್ಲಿದ್ದ. ಬದನೆಗೆ ಬಿಳಿ ನೂಲು. ಅವನು ದಿನವೂ ತಿನ್ನುತ್ತಿದ್ದ, ದಿನವೂ ಕೆರೆದುಕೊಳ್ಳುತ್ತಿದ್ದ. ಅದಕ್ಕಾಗಿ ಅವನು ಯಾರ ಮೇಲೂ ಕೋಪಿಸಿಕೊಂಡಿರಲಿಲ್ಲ. ಊರು ಹಾಗಿತ್ತು.

ನೂಲುಗಳನ್ನು ನೋಡಿಕೊಳ್ಳುವವನನ್ನು ನೂಲಿನವನು ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಅವನು ಊರೆಲ್ಲ ಸುತ್ತಿ ಪ್ರತಿ ನೂಲನ್ನೂ ಮುಟ್ಟಿ ನೋಡುತ್ತಿದ್ದ. ಆ ವರ್ಷ ಕುಂಬಾರರ ಆವಿಗೆಯ ಹಿಂದೆ, ಬೂದಿಗುಡ್ಡೆಯ ಮೇಲೆ, ನೂಲಿಲ್ಲದ ಗಿಡವೊಂದು ಅವನ ಕಣ್ಣಿಗೆ ಬಿತ್ತು. ಆಳೆತ್ತರ. ಎಲೆ ಬೆರಳು ಬಿಡಿಸಿದ ಕೈಯಂತೆ.

ಅದು ಭಂಗಿಸೊಪ್ಪು. ಊರಿಗೆಲ್ಲ ಗೊತ್ತಿದ್ದ ಗಿಡ. ಯಾರೂ ಹೆಸರೆತ್ತುತ್ತಿರಲಿಲ್ಲ, ಅಷ್ಟೇ.

ಚೌಕದಲ್ಲಿ ಗಂಟೆ ಬಾರಿಸಿ ಜನರನ್ನು ಸೇರಿಸಿದರು. ಬಾರಿಸಿದವನು ಗಂಟೆಯವನು. ದಿನವೂ ಹೊತ್ತು ಹೇಳುವುದು ಅವನ ಕೆಲಸ. ಅವನ ದೊಡ್ಡ ಮಗ ಎರಡು ವರ್ಷ ಈ ಸೊಪ್ಪು ಸೇದಿದ. ಮೂರನೆಯ ವರ್ಷ ಗೋಡೆಗಳ ಜೊತೆ ಮಾತಿಗಿಳಿದ. ಈಗ ಸೇದುವುದಿಲ್ಲ. ಆದರೆ ಗೋಡೆಗಳು ಮಾತು ನಿಲ್ಲಿಸಿಲ್ಲ.

“ಕೆಂಪು,” ಎಂದ ಗಂಟೆಯವನು. “ಇದಕ್ಕೆ ಯೋಚನೆ ಮಾಡೋದೇನಿದೆ?”

“ನಿನಗೇನು ಗೊತ್ತೋ?” ಎಂದಳು ಕುಂಬಾರಜ್ಜಿ. “ನಲವತ್ತು ವರ್ಷದಿಂದ ಅರೆದು ಕುಡೀತಿದ್ದೀನಿ. ಮಂಡಿ ನೋವಿಲ್ಲ. ಸೂಜಿ ಕಣ್ಣಿಗೆ ದಾರ ಪೋಣಿಸ್ತೀನಿ.”

“ಬಾಯಿ ಮಾತ್ರ ನಿಂತಿಲ್ಲ, ಅಜ್ಜಿ,” ಎಂದ ಯಾರೋ ಒಬ್ಬ. ಜನ ನಕ್ಕರು.

“ಅದು ಸೊಪ್ಪಿಂದಲ್ಲ ಕಣೋ, ಹುಟ್ಟಿಂದ.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಹೊಟ್ಟೆ ಹಸಿಯುತ್ತದೆ ಎಂದರು. ಮರೆವು ಬರುತ್ತದೆ ಎಂದರು. ಏನೂ ಆಗುವುದಿಲ್ಲ, ಸುಮ್ಮನೆ ಗಾಳಿಮಾತು ಎಂದರು. ಒಬ್ಬ ತಾನು ಕಂಡದ್ದನ್ನು ಹೇಳಿದ, ಇನ್ನೊಬ್ಬ ತಾನು ಕಂಡದ್ದನ್ನು ಹೇಳಿದ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳ ಎಂದರು.

ಒಬ್ಬಳು ಮಾತ್ರ ಬಾಯಿ ತೆರೆಯಲಿಲ್ಲ. ಅವಳು ಬತ್ತಿಯವಳು. ತೊಡೆಯ ಮೇಲೆ ಹತ್ತಿ ಹೊಸೆದು ಊರಿನ ದೀಪಗಳಿಗೆ ಬತ್ತಿ ಮಾಡುವವಳು. ಅವಳ ಮನೆಗೂ ಗಂಟೆಯವನ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷ. ಮಗಳಿಗೆ ಸೆಳೆತದ ಕಾಯಿಲೆ. ಮೊದಲು ದಿನಕ್ಕೆ ಒಂಬತ್ತು ಸಲ, ಹತ್ತು ಸಲ ಬರುತ್ತಿತ್ತು. ಕಣ್ಣು ಮೇಲಾಗುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು. ಬಿಳಿ ನೂಲಿನ ಮದ್ದುಗಳನ್ನೆಲ್ಲ ಏಳು ವರ್ಷ ಕೊಟ್ಟು ನೋಡಿದ್ದಳು. ಕಡೆಗೆ ಕುಂಬಾರಜ್ಜಿ ಸೊಪ್ಪಿನಿಂದ ಎಣ್ಣೆ ತೆಗೆದುಕೊಟ್ಟಳು. ಬೆಳಿಗ್ಗೆ ಮೂರು ಹನಿ. ಈಗ ಸೆಳೆತ ತಿಂಗಳಿಗೆ ಎರಡು ಸಲ.

ಕೆಂಪು ನೂಲು ಬಿದ್ದರೆ ಗಿಡ ಸುಡುತ್ತಾರೆ. ಮಗಳಿಗೆ ಮತ್ತೆ ದಿನಕ್ಕೆ ಹತ್ತು. ಬಿಳಿ ನೂಲು ಬಿದ್ದರೆ ಸೊಪ್ಪು ಅಡುಗೆಮನೆಗೆ ಹೋಗುತ್ತದೆ. ಪಕ್ಕದ ಮನೆಯ ಹುಡುಗನ ಎಲೆಗೂ ಬೀಳುತ್ತದೆ. ಅವಳು ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ನಿಂತಿದ್ದಳು. ಊರಿನಲ್ಲಿ ಎರಡನ್ನು ಇಟ್ಟುಕೊಳ್ಳುವ ಜಾಗ ಅದೊಂದೇ.

ನೂಲಿನವನು ಕೈ ಎತ್ತಿದ. “ಕ್ರಮದ ಪ್ರಕಾರ ಸಾಕ್ಷಿ ಕೂರಿಸೋಣ.”

ಕ್ರಮ ಹೀಗಿತ್ತು. ಹದಿನಾರು ದಾಟಿದವರಲ್ಲಿ, ಆ ವಸ್ತುವನ್ನು ಎಂದೂ ಬಾಯಿಗಿಡದವರು, ತಲೆಗೊಂದರಂತೆ ಒಂದು ಕಲ್ಲನ್ನು ಗುರುತು ಹಾಕಿ ಮಡಕೆಯಲ್ಲಿ ಹಾಕಬೇಕು. ನೂಲಿನವನು ಕಣ್ಣು ಮುಚ್ಚಿ ಒಂದನ್ನು ತೆಗೆಯುತ್ತಾನೆ. ಕಲ್ಲು ಯಾರದೋ ಅವರು ಚೌಕದ ಚಪ್ಪಡಿಯ ಮೇಲೆ ಕೂತು, ಎಲ್ಲರೆದುರು ವಸ್ತುವನ್ನು ಸೇವಿಸಬೇಕು. ಕಂಬದ ನೆರಳು ಚಪ್ಪಡಿಯ ಅಂಚು ಮುಟ್ಟುವವರೆಗೆ ಏಳುವಂತಿಲ್ಲ. ಅವರಿಗೆ ಏನಾಗುತ್ತದೋ ಅದೇ ಎಲ್ಲರಿಗೂ ಆಗುವುದು. ಊರು ಎಲ್ಲವನ್ನೂ ಹಾಗೆಯೇ ತಿಳಿದುಕೊಂಡಿತ್ತು. ಬದನೆಯ ಸಾಕ್ಷಿಗೆ ಬದನೆ ರುಚಿಸಿತ್ತು.

ಅರವತ್ತೊಂದು ಕಲ್ಲು ಬಿದ್ದವು. ಸೊಪ್ಪು ಮುಟ್ಟದವರು ಅಷ್ಟೇ ಇದ್ದರೆಂದು ಕೆಲವರಿಗೆ ಆಶ್ಚರ್ಯವಾಯಿತು. ಅರವತ್ತೊಂದನೆಯದು ಗಂಟೆಯವನ ಮಗಳದು. ಅವಳಿಗೆ ಹದಿನಾರು ತುಂಬಿ ಒಂದು ತಿಂಗಳಾಗಿತ್ತು.

ನೂಲಿನವನ ಕೈ ಮಡಕೆಯೊಳಗೆ ಹೋಯಿತು, ಬಂತು. ಕಲ್ಲಿನ ಮೇಲೆ ಬತ್ತಿಯ ಗುರುತು.

“ಇದು ಆಗೋಲ್ಲ,” ಎಂದ ಗಂಟೆಯವನ ಪಕ್ಕದಲ್ಲಿದ್ದವನು. “ಮಗಳಿಗೆ ಅದೇ ಎಣ್ಣೆ ಹಾಕ್ತಾಳೆ. ಇವಳು ಬಿಳಿ ಅಂತಾನೇ ಹೇಳ್ತಾಳೆ.”

“ಬಾಯಿಗೆ ಹಾಕಿದ್ದೀಯೇನಮ್ಮ?” ಎಂದು ನೂಲಿನವನು ಕೇಳಿದ.

“ಇಲ್ಲ ಸ್ವಾಮಿ. ಬೆರಳಿಗೆ ಅಂಟಿದ್ದನ್ನೂ ಒರೆಸಿಕೊಂಡಿದ್ದೀನಿ.”

“ಹಾಗಾದರೆ ಸರಿ. ಕಲ್ಲಿಗೆ ಮಗಳಿಲ್ಲ.”

ಅವಳು ಚಪ್ಪಡಿಯ ಮೇಲೆ ಕೂತಳು. ಏಳು ಚಿಟಿಕೆ ಸೊಪ್ಪು ಅರೆದು ಹಾಲಿಗೆ ಹಾಕಿ ಕೊಟ್ಟರು. ಕುಡಿದಳು. ಬಟ್ಟಲು ಕೆಳಗಿಟ್ಟಳು. ಕಂಬದ ನೆರಳು ಆಗ ಚಪ್ಪಡಿಯಿಂದ ಹನ್ನೆರಡು ಹೆಜ್ಜೆ ದೂರ ಇತ್ತು.

ಹನ್ನೊಂದು ಹೆಜ್ಜೆಯವರೆಗೆ ಏನೂ ಆಗಲಿಲ್ಲ. ಹತ್ತು ಹೆಜ್ಜೆಯವರೆಗೂ ಆಗಲಿಲ್ಲ.

ಒಂಬತ್ತು ಹೆಜ್ಜೆಗೆ ಗಂಟೆ ಬಡಿಯಿತು. ಸದ್ದು ನಿಲ್ಲಲಿಲ್ಲ. ಸದ್ದು ಉದ್ದವಾಗುತ್ತ, ತೆಳ್ಳಗಾಗುತ್ತ, ಹೊಸೆದ ಬತ್ತಿಯ ಹಾಗೆ ಅವಳ ಕಿವಿಯೊಳಗೆ ಇಳಿಯಿತು. ಬಾಯಿ ಒಣಗಿತು. ಅವಳ ಬಲಗೈ ತಾನಾಗಿ ತೊಡೆಯ ಮೇಲೆ ಇಲ್ಲದ ಹತ್ತಿಯನ್ನು ಹೊಸೆಯತೊಡಗಿತು.

ಈಗ ಮನೆಗೊಂದು ಪ್ರಶ್ನೆ. ಅದೂ ಕ್ರಮ.

“ನಿನ್ನ ಹೆಸರೇನು?” ಎಂದು ಒಂದು ಮನೆ ಕೇಳಿತು. ಹೇಳಿದಳು.

“ಹಸಿವಾಗ್ತಿದೆಯಾ?” ಎಂದು ಇನ್ನೊಂದು ಮನೆ. “ಇಲ್ಲ,” ಎಂದಳು.

“ನಿನ್ನ ಅತ್ತೆ ಈಗಲಾದರೂ ಚೆಲುವೆಯಾಗಿ ಕಾಣ್ತಿದ್ದಾಳಾ?”

ಅವಳಿಗೆ ನಗು ಬಂತು. ನಕ್ಕಳು.

“ನಕ್ಕಳು! ಬಿಳಿ!” ಎಂದು ಕುಂಬಾರಜ್ಜಿಯ ಕಡೆಯವರು ಕೂಗಿದರು.

ನಗು ನಿಲ್ಲಲಿಲ್ಲ. ನಿಲ್ಲಿಸಲು ಹೋದರೆ ಕಣ್ಣಲ್ಲಿ ನೀರು ಬಂತು.

“ಅತ್ತಳು! ಕೆಂಪು!” ಎಂದು ಗಂಟೆಯವನ ಕಡೆಯವರು.

“ಅತ್ತೆ ನೆನಪಾದರೆ ನಾನೂ ಅಳ್ತೀನಿ, ಅದಕ್ಕೆ ಸೊಪ್ಪು ಬೇಡ,” ಎಂದಳು ಒಬ್ಬಳು ಸೊಸೆ. ಜನ ನಕ್ಕರು. ಆ ನಗು ಬತ್ತಿಯವಳಿಗೆ ತನ್ನ ಬೆನ್ನ ಹಿಂದಿನಿಂದ ಬಂದ ಹಾಗಾಯಿತು. ಬೆನ್ನ ಹಿಂದೆ ಚೌಕದ ಗೋಡೆ ಮಾತ್ರ ಇತ್ತು.

ಆರು ಹೆಜ್ಜೆ. ಎದೆ ಹೊಡೆದುಕೊಳ್ಳುತ್ತಿತ್ತು. ಮುಖಗಳಿಗೆ ಅಂಚು ಬಂದಿತ್ತು, ಕತ್ತರಿಸಿ ಅಂಟಿಸಿದ ಹಾಗೆ. ಗೋಡೆ ಪಿಸುಗುಟ್ಟಿತು: ಇವರೆಲ್ಲ ಮಾತಾಡಿಕೊಂಡು ಬಂದಿದ್ದಾರೆ. ನಿನ್ನನ್ನು ಇಲ್ಲಿ ಕೂರಿಸಿ ಅಲ್ಲಿ ನಿನ್ನ ಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ಏಳು.

ಅವಳು ಏಳಲಿಲ್ಲ. ಎದ್ದರೆ ಕೆಂಪು. ಕೂಗಿದರೆ ಕೆಂಪು. ಅವಳು ಉಸಿರು ಎಣಿಸಿದಳು. ಇಲ್ಲದ ಹತ್ತಿಯನ್ನು ಹೊಸೆದಳು. ಏಳು, ಎಂದಿತು ಗೋಡೆ. ಹೊಸೆದಳು. ಏಳು, ಎಂದಿತು. ಹೊಸೆದಳು.

ಮೂರು ಹೆಜ್ಜೆ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನೂಲಿನವನು ಬಿಳಿ ನೂಲಿನ ಉಂಡೆಯನ್ನು ಕೈಗೆ ತೆಗೆದುಕೊಂಡ. ಕುಂಬಾರಜ್ಜಿ ಎಲೆ ಅಡಿಕೆ ಬಿಚ್ಚಿದಳು.

ಆಗ ಗಂಟೆಯವನು ಎದ್ದು ನಿಂತ. ಅವನ ಮನೆಯ ಪ್ರಶ್ನೆ ಉಳಿದಿತ್ತು. ಅವನು ಇಷ್ಟು ಹೊತ್ತೂ ಅವಳ ಮುಖ ನೋಡಿರಲಿಲ್ಲ, ಕೈಯನ್ನೇ ನೋಡುತ್ತಿದ್ದ. ತನ್ನ ಮಗನ ಕೈಯೂ ಹೀಗೆಯೇ ತೊಡೆಯ ಮೇಲೆ ಓಡಾಡುತ್ತಿದ್ದುದನ್ನು ಅವನು ಕಂಡಿದ್ದ.

“ತಂಗೀ,” ಎಂದ. ದನಿ ಮೆಲ್ಲಗಿತ್ತು. “ಗೋಡೆ ಏನಂತಿದೆ?”

ಮಾತಾಡುತ್ತಿದೆಯೇ ಎಂದು ಅವನು ಕೇಳಲಿಲ್ಲ. ಏನಂತಿದೆ ಎಂದು ಕೇಳಿದ.

‘ಗೋಡೆ ಮಾತಾಡುತ್ತದೆಯೇ ಅಣ್ಣಾ?’ ಎಂದು ನಕ್ಕುಬಿಟ್ಟರೆ ಮುಗಿಯುತ್ತಿತ್ತು. ಅವಳು ಬಾಯಿ ತೆರೆದಳು. ಅವನ ಹಿಂದೆ ಅವನ ಮಗ ಕೂತಿದ್ದ, ಕಿವಿಯನ್ನು ಕಂಬಕ್ಕೆ ಒತ್ತಿಕೊಂಡು. ನಾಳೆಯಿಂದ ಅವನ ಎಲೆಗೂ ಬೀಳುತ್ತದೆ. ದಿನವೂ.

“ನನ್ನ ಮಗಳನ್ನ ಎತ್ತಿಕೊಂಡು ಹೋಗ್ತಾರೆ ಅಂತಿದೆ, ಅಣ್ಣಾ,” ಎಂದಳು. “ಬಹಳ ಹೊತ್ತಿಂದ ಅಂತಿದೆ. ನನಗೆ ಹೆದರಿಕೆ ಆಗ್ತಿದೆ.”

“ಕೆಂಪು!” ಎಂದು ಅರ್ಧ ಚೌಕ ಕೂಗಿತು. ನೂಲಿನವನು ಬಿಳಿ ಉಂಡೆ ಇಟ್ಟು ಕೆಂಪು ತೆಗೆದ.

“ನನ್ನ ಮಾತು ಮುಗಿದಿಲ್ಲ, ಸ್ವಾಮಿ.”

“ಒಂದು ಮಾತು ಆಯಿತಲ್ಲಮ್ಮ.”

“ಇನ್ನೊಂದಿದೆ. ಇದೇ ಸೊಪ್ಪಿನ ಎಣ್ಣೆ ನನ್ನ ಮಗಳ ಸೆಳೆತ ತಗ್ಗಿಸಿದೆ. ನನಗಾದದ್ದೂ ನಿಜ. ಅವಳಿಗಾದದ್ದೂ ನಿಜ. ಎರಡೂ ಇಟ್ಟುಕೊಳ್ಳಿ.”

“ಒಂದು ವಸ್ತುವಿಗೆ ಎರಡು ನೂಲಿಲ್ಲ.”

“ಹಾಗಾದರೆ ಒಂದೂ ಬೇಡ.”

ನೆರಳು ಚಪ್ಪಡಿ ಮುಟ್ಟಿತು.

ನೂಲಿನವನು ಒಳ್ಳೆಯ ಮನುಷ್ಯ. ಅವನಿಗೆ ಕ್ರಮ ಮಾತ್ರ ಗೊತ್ತಿತ್ತು, ಕ್ರಮ ಪೂರ್ತಿ ಗೊತ್ತಿತ್ತು. ಯೋಚಿಸಿ ಹೇಳಿದ: “ಮೊದಲ ಸಾಕ್ಷಿಯ ಮಾತು ತೆರೆದೇ ಉಳಿದರೆ ಅದಕ್ಕೊಂದು ಕ್ರಮ ಇದೆ. ದಿನಕ್ಕೊಂದು ಕಲ್ಲು ತೆಗೀಬೇಕು. ದಿನಕ್ಕೊಬ್ಬ ಸಾಕ್ಷಿ ಕೂರಬೇಕು. ಮೊದಲ ಸಾಕ್ಷಿ ಬಂದು ಒಂದೇ ಮಾತಲ್ಲಿ ಮುಚ್ಚೋವರೆಗೆ. ಅಲ್ಲಿವರೆಗೆ ಗಿಡ ಇದ್ದ ಹಾಗೇ ಇರಲಿ.”

ಅವಳಿಗೆ ಆಗ ಕೇಳಿಸಿದ್ದು ಕಡೆಯ ಮಾತು ಮಾತ್ರ. ಗಿಡ ಇದ್ದ ಹಾಗೇ ಇರಲಿ.

ಗೋಡೆ ಇನ್ನೂ ಎರಡು ದಿನ ಪಿಸುಗುಟ್ಟಿ ಸುಮ್ಮನಾಯಿತು. ಬೆಳಿಗ್ಗೆ ಮೂರು ಹನಿ. ಮಗಳು ಹಜಾರದಲ್ಲಿ ಕುಂಟೆಬಿಲ್ಲೆ ಆಡಿದಳು.

ಎರಡನೆಯ ಸಾಕ್ಷಿ ಮಲಗಿ ಗೊರಕೆ ಹೊಡೆದ. ಬಿಳಿ, ಎಂದರು. ಮೂರನೆಯವಳು ಆಕಾಶ ನೋಡಿ ಹಾಡಿದಳು. ಬಿಳಿ, ಎಂದರು. ನಾಲ್ಕನೆಯವನು ವಾಂತಿ ಮಾಡಿಕೊಂಡು ತಾಯಿಯನ್ನು ಕರೆದ. ಕೆಂಪು, ಎಂದರು. ಐದನೆಯವನು, “ಇಷ್ಟೇನಾ?” ಎಂದು ಕೇಳಿ ಮನೆಗೆ ಹೋಗಿ ಮುದ್ದೆ ಉಂಡ. ಎಂಟನೆಯವನು ನೀರು ಹೊರುವ ಯುವಕ. ಅವನು ಚಪ್ಪಡಿಯಿಂದ ಜಿಗಿದು ಓಡಿದ. ಹಿಡಿದು ತಂದರು. ಅವನು ಬಂದ, ಅವನ ಒಳಗಿದ್ದವನು ಬರಲಿಲ್ಲ.

ಪ್ರತಿ ದಿನವೂ ಊರು ಆ ದಿನದ ಸಾಕ್ಷಿಯನ್ನು ಪೂರ್ತಿ ನಂಬಿತು. ಮರುದಿನ ಮರುದಿನದವನನ್ನು ಪೂರ್ತಿ ನಂಬಿತು. ಪ್ರತಿ ಬೆಳಿಗ್ಗೆ ಕಲ್ಲು ತೆಗೆಯುವ ಮೊದಲು ನೂಲಿನವನು ಕೇಳುತ್ತಿದ್ದ, “ಮೊದಲ ಸಾಕ್ಷಿ ಮಾತು ಮುಚ್ಚುತ್ತಾಳೆಯೇ?” ಬತ್ತಿಯವಳು “ಇಲ್ಲ” ಎನ್ನುತ್ತಿದ್ದಳು.

ಐವತ್ತನೆಯ ದಿನ ಬೆಳಿಗ್ಗೆ, ಗಂಟೆ ಬಾರಿಸುವ ಮೊದಲು, ಗಂಟೆಯವನು ಅವಳ ಬಾಗಿಲಿಗೆ ಬಂದ. ಅವಳು ಮೊರದ ಮುಂದೆ ಕೂತಿದ್ದಳು. ಮೊರದಲ್ಲಿ ಬತ್ತಿಗಳ ನಾಲ್ಕು ಗುಂಪು.

“ಇದೇನು?”

“ಕೂತವರು. ನಕ್ಕವರು, ಮಲಗಿದವರು ಇಪ್ಪತ್ತೈದು. ನನ್ನ ಹಾಗೆ ಹೆದರಿ ಸರಿಯಾದವರು ಹದಿನೈದು. ಏನೂ ಆಗದವರು ಆರು.” ಅವಳು ನಾಲ್ಕನೆಯ ಗುಂಪನ್ನು ಮುಟ್ಟಲಿಲ್ಲ. “ಇವರು ವಾಪಸ್ ಬರದವರು. ಮೂರು.”

ಗಂಟೆಯವನು ಆ ಮೂರನ್ನು ನೋಡಿದ. “ಮಡಕೆಯಲ್ಲಿ ಹನ್ನೆರಡು ಕಲ್ಲು ಉಳಿದಿದೆ, ತಂಗೀ. ಒಂದು ನನ್ನ ಹುಡುಗಿದು.”

“ಗೊತ್ತು, ಅಣ್ಣಾ.”

“ಇವತ್ತು ಹೋಗಿ ಒಂದು ಮಾತು ಹೇಳಿಬಿಡು. ಕೆಂಪು ಅಂತ. ಮುಗೀಲಿ.”

“ಮುಗಿಯೋದು ಯಾರಿಗೆ?”

ಒಳಗೆ ಮಗಳು ಲೆಕ್ಕ ಹಾಕುತ್ತ ಕುಂಟುತ್ತಿದ್ದಳು. ಹೆಜ್ಜೆಯ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು.

“ಬೇರೆ ಮದ್ದು ಹುಡುಕೋಣ. ನಾನೂ ಹುಡುಕ್ತೀನಿ.”

“ಏಳು ವರ್ಷ ಹುಡುಕಿದೆ. ಅವಳ ನಾಲಿಗೆ ಮೇಲೆ ಕಲೆ ಇದೆ, ನೋಡ್ತೀರಾ?”

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. “ಮೂರು ಮಂದಿ, ನಲವತ್ತೊಂಬತ್ತರಲ್ಲಿ. ಹದಿನಾರಕ್ಕೆ ಒಬ್ಬರು ಅಂತ ನೀನು ಹೇಳ್ತೀಯ. ಬೇರೆಯವರ ಮಕ್ಕಳಿಗೆ ಸರಿ. ನನ್ನ ಹುಡುಗಿಗೆ ಆ ಲೆಕ್ಕ ಹಿಡಿಯೋಲ್ಲ.”

“ಯಾಕೆ?”

“ನಮ್ಮಪ್ಪನೂ ಗೋಡೆ ಜೊತೆ ಮಾತಾಡ್ತಿದ್ದ. ಸೊಪ್ಪಿನ ವಾಸನೆಯೂ ಗೊತ್ತಿಲ್ಲದವನು. ದೂರದ ಊರಲ್ಲಿ ಕಾಲ ಕಳೆದ, ಇಲ್ಲಿ ಯಾರಿಗೂ ತಿಳಿಯಲಿಲ್ಲ.”

ಬತ್ತಿಯವಳ ಕೈ ಮೊರದ ಮೇಲೆ ನಿಂತಿತು. “ಇಷ್ಟು ದಿನ ಚೌಕದಲ್ಲಿ ಎಲ್ಲ ಸೊಪ್ಪಿಂದಾನೇ ಅಂತಿದ್ದಿರಿ.”

“ಮತ್ತೇನು ಹೇಳಲಿ? ರಕ್ತದಲ್ಲಿದೆ ಅಂದರೆ ಆ ಹುಡುಗಿಯನ್ನ ಯಾರು ಮದುವೆ ಆಗ್ತಾರೆ? ಸೊಪ್ಪಿಂದ ಅಂದರೆ ಸೊಪ್ಪಿಗೆ ಮಾತ್ರ ಕೆಟ್ಟ ಹೆಸರು.” ಆಮೇಲೆ, “ಸೊಪ್ಪಿಂದಲೂ ಹೌದು,” ಎಂದ. “ಸೇದದಿದ್ದರೆ ಅವನು ಉಳೀತಿದ್ದನೋ ಏನೋ. ಅದು ನನಗೆ ಗೊತ್ತಾಗೋ ದಾರಿ ಇಲ್ಲ.”

“ಈ ಮಾತನ್ನ ಚೌಕದಲ್ಲಿ ಹೇಳಿ, ಅಣ್ಣಾ. ಅವಳ ಕಲ್ಲು ಹೊರಗೆ ತೆಗೀತಾರೆ.”

“ತೆಗೀತಾರಾ?”

“ತೆಗೀಬೇಕು.”

ಒಳಗಿನಿಂದ ಮಗಳು ಕೂಗಿದಳು. “ಮಾವ, ಹೊತ್ತಾಯಿತು. ಗಂಟೆ!”

ಆ ದಿನ ಗಂಟೆ ತಡವಾಗಿ ಬಡಿಯಿತು. ಜನ ಸೇರಿದರು. ಗಂಟೆಯವನು ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು ತನ್ನ ತಂದೆಯ ವಿಷಯ ಹೇಳಿದ. ಪೂರ್ತಿ ಹೇಳಿದ. ಹೇಳುವಾಗ ಅವನ ಮಗಳು ತಲೆ ತಗ್ಗಿಸಿದಳು, ಗಂಡುಮಕ್ಕಳಿದ್ದ ಮನೆಗಳವರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಅವಳ ಕಲ್ಲು ತೆಗೆದುಬಿಡಿ, ಸ್ವಾಮಿ,” ಎಂದ. “ಇದೊಂದು ಕಲ್ಲು.”

“ನಾನೂ ಕೇಳ್ತಿದ್ದೀನಿ,” ಎಂದಳು ಬತ್ತಿಯವಳು. “ಎಲ್ಲರ ಮೈಯೂ ಒಂದೇ ಅಲ್ಲ.”

ನೂಲಿನವನು ಮಡಕೆಯ ಬಾಯನ್ನು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. “ಎಲ್ಲರ ಮೈಯೂ ಒಂದೇ ಅಲ್ಲ ಅಂದರೆ, ಅಮ್ಮ, ಇಷ್ಟು ವರ್ಷ ನಾವು ಯಾರ ಬಾಯಿಗೆ ಏನು ಹಾಕಿದ್ದೇವೆ?”

ಬದನೆಯ ಮನುಷ್ಯ ಕೆರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ.

“ಕಲ್ಲು ತೆಗೆಯೋಕೆ ಆಗೋಲ್ಲ,” ಎಂದ ನೂಲಿನವನು. ಆಮೇಲೆ ದಿನದ ಪ್ರಶ್ನೆ ಕೇಳಿದ. “ಮೊದಲ ಸಾಕ್ಷಿ ಮಾತು ಮುಚ್ಚುತ್ತಾಳೆಯೇ?”

ಗಂಟೆಯವನು ಅವಳ ಕಡೆ ನೋಡಲಿಲ್ಲ. ಅವನ ಮಗಳು ನೋಡಿದಳು. ಹದಿನಾರು ವರ್ಷದ ಹುಡುಗಿ. ಬತ್ತಿಯವಳ ಮಗಳಿಗೆ ಸೆಳೆತ ಬಂದಾಗಲೆಲ್ಲ ಗೋಡೆಯ ಆಚೆಯಿಂದ ಓಡಿಬಂದು ಕಾಲು ಹಿಡಿದುಕೊಳ್ಳುತ್ತಿದ್ದವಳು.

ಬತ್ತಿಯವಳು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಇಲ್ಲ,” ಎಂದಳು.

ಮುಂದಿನ ಸಾಲಿನವರಿಗೂ ಅದು ಕೇಳಿಸಲಿಲ್ಲ. ನೂಲಿನವನಿಗೆ ಕೇಳಿಸಿತು. ಅವನು ಕಣ್ಣು ಮುಚ್ಚಿ ಮಡಕೆಯೊಳಗೆ ಕೈ ಹಾಕಿದ. ಕೈ ಒಳಗೆ ತಡಕಾಡುವ ಸದ್ದು ಚೌಕದ ತುದಿಯವರೆಗೂ ಹೋಯಿತು. ಹೊರಗೆ ಬಂದ ಕಲ್ಲಿನ ಮೇಲೆ ಇಟ್ಟಿಗೆಯ ಗುರುತಿತ್ತು. ಇಟ್ಟಿಗೆ ಸುಡುವವನು ಎದ್ದು ಚಪ್ಪಡಿಯ ಕಡೆ ನಡೆದ.

ಮಡಕೆಯಲ್ಲಿ ಉಳಿದ ಕಲ್ಲುಗಳು ಹನ್ನೊಂದು.